ಸಹಿ ಹಾಕಿದ ಪದ

ಮಾನ್ವಿ, ೪ ಮಾರ್ಚ್ ೧೯೮೧, ಬುಧವಾರ

ಇವತ್ತು ಅರ್ಥ ಗೊತ್ತಿಲ್ಲದ ಒಂದು ಪದದ ಕೆಳಗೆ ಸಹಿ ಹಾಕಿ ಬಂದಿದ್ದೇನೆ. ಮಧ್ಯಾಹ್ನದಿಂದ ಅದು ಹಲ್ಲಿನ ಸಂದಿಗೆ ಸಿಕ್ಕ ಜೋಳದ ಹೊಟ್ಟಿನ ಹಾಗೆ ಕಾಡುತ್ತಿದೆ.

ಈ ಡೈರಿ ನನ್ನದಲ್ಲ, ಇವರದು, ನನ್ನ ಗಂಡನದು. ದೇವದುರ್ಗದ ಕಚೇರಿಯಲ್ಲಿ ಯಾರೋ ಸಾಹೇಬರು ತಮಗೆ ಬಂದ ಎರಡರಲ್ಲಿ ಒಂದನ್ನು ಜವಾನನಿಗೆ ಕೊಟ್ಟಿದ್ದರಂತೆ. ಮೊದಲ ಪುಟದಲ್ಲಿ ದುಂಡಗೆ 'ಗದ್ದೆಪ್ಪ, ಜವಾನ' ಎಂದು ಬರೆದಿದ್ದಾರೆ. ಜನವರಿ ಒಂದಕ್ಕೆ 'ಹೊಸ ವರ್ಷ' ಎಂದಿದೆ. ಎರಡಕ್ಕೆ ಏನೂ ಇಲ್ಲ. ಇಪ್ಪತ್ತೇಳಕ್ಕೆ ಕಾಮಣಿ ರೋಗ ತಲೆಗೇರಿ ತೀರಿಕೊಂಡರು. ಖಾಲಿ ಹಾಳೆ ಸುಮ್ಮನೆ ಬಿಡುವುದು ನನ್ನಿಂದಾಗದ ಕೆಲಸ, ಅದಕ್ಕೇ ಬರೆಯುತ್ತಿದ್ದೇನೆ.

ವಾರವೆಲ್ಲ ಇವರು ದೇವದುರ್ಗದಲ್ಲಿ, ನಾನೂ ಅತ್ತೆಯೂ ಮಾನ್ವಿಯಲ್ಲಿ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ನಮ್ಮ ಎರಡು ವರ್ಷದ ಸಂಸಾರ ನಡೆದದ್ದೆಲ್ಲ ಶನಿವಾರ ಭಾನುವಾರಗಳಲ್ಲೇ.

ನೌಕರಿಯಲ್ಲಿದ್ದವರು ಸತ್ತರೆ ಮನೆಯವರೊಬ್ಬರಿಗೆ ಸರ್ಕಾರ ನೌಕರಿ ಕೊಡುತ್ತದೆ. ನಾನು ಎರಡನೆಯ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾದವಳು. ಅರ್ಜಿ ಬರೆಸಲು ಇವತ್ತು ತಾಲೂಕು ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಹೋದೆ. ಅಲ್ಲಿ ಟೈಪ್ ಯಂತ್ರ ಇಟ್ಟುಕೊಂಡು ಗುಡುಸಾಬರು ಮೂವತ್ತು ವರ್ಷದಿಂದ ಮಂದಿಯ ಅರ್ಜಿ ಬರೆಯುತ್ತಿದ್ದಾರೆ. ಇಂಗ್ಲಿಷಿನಲ್ಲಿ ಬರೆದರೆ ರಾಯಚೂರಿನ ಸಾಹೇಬರು ಬೇಗ ಓದುತ್ತಾರೆ ಎಂದರು. ಅಕ್ಷರ ಅಕ್ಷರ ಕೂಡಿಸಿ ಓದಿದೆ. 'ಬಡ' ತಿಳಿಯಿತು, 'ಗಂಡ' ತಿಳಿಯಿತು. ನನ್ನ ಹೆಸರಿನ ಮುಂದೆ ಒಂದು ಉದ್ದನೆಯ ಪದ ಕೂತಿತ್ತು.

"ಸಾಬ್ರ, ಇದೇನ್ರಿ?"

"ಇನ್‌ಕನ್ಸೋಲೇಬಲ್. ಭಾರೀ ಪದ ಅದ ಬೇಟಿ. ಗಂಡ ಸತ್ತೋರ ಅರ್ಜಿಗೆಲ್ಲಾ ಇದನ್ನ ಹಾಕ್ತೀನಿ. ಅದಿಲ್ದಿದ್ರ ಅರ್ಜಿ ಉಪ್ಪಿಲ್ದ ಸಾರು ಆಗ್ತದ."

"ಅಂದ್ರ ಏನ್ರಿ?"

"ಅಂದ್ರ... ದುಃಖದ್ದು. ಹಾಕು ಸಹಿ, ಟಪಾಲು ಹೋಗೂ ವ್ಯಾಳ್ಯಾ ಆತು."

ಕೊನೆಯ ಸಾಲು ಮಾತ್ರ ನನಗೆ ಚೆನ್ನಾಗಿ ತಿಳಿಯಿತು. ಮೇಲೆ ಬರೆದದ್ದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ ಎಂದು ಅದರ ಅರ್ಥ. ತಿಳಿಯದ್ದು ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ ಹೇಗಾಗುತ್ತದೆ? ಆದರೂ ಹಾಕಿದೆ.

ಪೋತ್ನಾಳದಲ್ಲಿರುವ ನನ್ನ ಅಪ್ಪ ಹಂಪಯ್ಯ ಒಮ್ಮೆ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಅದರಲ್ಲಿ ಏನಿತ್ತೆಂದು ಆರು ವರ್ಷದ ಮೇಲೆ ತಿಳಿದುಕೊಂಡವನು. ನನ್ನನ್ನು ಶಾಲೆಗೆ ಹಾಕುವಾಗ ಹೇಳಿದ್ದ: "ಹೆಬ್ಬೆಟ್ಟು ಒತ್ತಿದೋರಿಗೆ, ನನಗ್ಯಾರೂ ಓದಿ ಹೇಳ್ಲಿಲ್ಲ ಅನ್ನೋ ನೆಪ ಇರ್ತದ. ಸಹಿ ಮಾಡಿದೋರಿಗೆ ಅದೂ ಇರೂದಿಲ್ಲ. ನೋಡಿ ಮಾಡು." ನಮ್ಮ ಎರಡೂ ಮನೆಯಲ್ಲಿ ಸಹಿ ಮಾಡುವ ಹೆಂಗಸು ನಾನೊಬ್ಬಳೇ. ಮೊದಲನೆಯ ದೊಡ್ಡ ಸಹಿಯೇ ಹೀಗಾಯಿತು.

೭ ಮಾರ್ಚ್, ಶನಿವಾರ

ದೇವದುರ್ಗದ ಬಸ್ಸು ಇವತ್ತು ತಡವಾಗಿ ಬಂತು. ಬಾಗಿಲಲ್ಲಿ ಕಾಲಿಗೆ ನೀರಿಟ್ಟಿದ್ದೆ, ಪಕ್ಕದ ಮನೆಯ ಆಡು ಬಂದು ತಂಬಿಗೆಗೆ ಬಾಯಿ ಹಾಕಿತು. ಹೊಡೆದಟ್ಟಿ ಬೇರೆ ನೀರು ತುಂಬಿಸಿಟ್ಟೆ. ಮತ್ತೇನೂ ವಿಶೇಷವಿಲ್ಲ.

೧೦ ಮಾರ್ಚ್, ಮಂಗಳವಾರ

ನೌಕರಿಗೆ ನನ್ನ ಅರ್ಜಿಯೊಂದೇ ಸಾಲದು. ಅತ್ತೆಯ ಒಪ್ಪಿಗೆ ಪತ್ರವೂ ಬೇಕು. ಮಗನ ನೌಕರಿ ಸೊಸೆಗೆ ಕೊಡಲು ನನ್ನ ತಕರಾರಿಲ್ಲ ಎಂದು ಬರೆಸಿ ಅವಳು ಹೆಬ್ಬೆಟ್ಟು ಒತ್ತಬೇಕು. ಕೇಳಿದಾಗೆಲ್ಲ "ನೋಡೂಣು" ಎನ್ನುತ್ತಾಳೆ. ಹೆಸರಿಗೆ ಮೂಕಮ್ಮ, ಮಾತು ಮಾತ್ರ ಓಣಿಗೆಲ್ಲ ಕೇಳುತ್ತದೆ. ಈ ಒಂದು ವಿಷಯದಲ್ಲಿ ಹೆಸರು ಉಳಿಸಿಕೊಂಡಿದ್ದಾಳೆ.

ಯಾಕೆಂದು ನನಗೆ ಗೊತ್ತಿದೆ. ನಾನು ಅಳಲಿಲ್ಲ.

ನಮ್ಮಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿಕೊಂಡು ಅಳುತ್ತಾರೆ. ಬಂದವರ ಕೊರಳಿಗೆ ಬಿದ್ದು, ಸತ್ತವರ ಗುಣ ಒಂದೊಂದೇ ಎತ್ತಿ ಹೇಳಿ ರಾಗ ಎಳೆಯಬೇಕು. ತೀರಿಕೊಂಡ ದಿನ ಇವರನ್ನು ಅಂಗಳದಲ್ಲಿ ಕೂರಿಸಿದ್ದಾಗ ಅತ್ತೆ ಎಳೆದ ರಾಗಕ್ಕೆ ಗಂಡಸರೂ ಕಣ್ಣೊರೆಸಿಕೊಂಡರು. "ದೇವದುರ್ಗದ ಬಸ್ಸು ಬಂತೋ ನನ ಮಗನ, ನೀ ಒಬ್ಬಾವ ಇಳೀಲಿಲ್ಲೋ" ಎನ್ನುತ್ತಿದ್ದಳು. ನನ್ನನ್ನೂ ತಬ್ಬಿದಳು. ನನ್ನ ಬಾಯಿ ತೆರೆಯಲಿಲ್ಲ. ಕಣ್ಣೂ ಒಣಗಿತ್ತು. ಯಾರೋ ಹಿಂದಿನಿಂದ "ಎಸ್ಸೆಸ್ಸೆಲ್ಸಿ ಓದಿದ ಕಣ್ಣು ನೋಡವ, ಒಂದ್ ಹನಿ ಇಲ್ಲ" ಎಂದದ್ದು ಕೇಳಿಸಿತು.

ಅತ್ತೆಗೆ ಈಗಲೂ ಯಾರಾದರೂ ಮಾತಾಡಿಸಲು ಬಂದರೆ ರಾಗ ಏಳುತ್ತದೆ. ಹತ್ತು ನಿಮಿಷ ಅತ್ತು, ಸೆರಗಿನಲ್ಲಿ ಮೂಗು ಒರೆಸಿ, "ಬಸ್ಸಿನ್ಯಾಗ ಕೂಡಾಕ ಜಾಗ ಸಿಕ್ಕಿತ್ತಿಲ್ಲ?" ಎಂದು ಕೇಳುತ್ತಾಳೆ. ನನಗೆ ಅದನ್ನು ನೋಡಿ ಸಿಟ್ಟು ಬರುತ್ತದೆ. ಯಾಕೆ ಬರುತ್ತದೋ ತಿಳಿಯದು.

೧೪ ಮಾರ್ಚ್, ಶನಿವಾರ

ಪದದ ಅರ್ಥ ಹುಡುಕಿ ಸುಸ್ತಾದೆ. ಹೈದರಾಬಾದಿನಲ್ಲಿ ಎಂಟು ವರ್ಷ ಇದ್ದು ಬಂದ ರೇಷನ್ ಅಂಗಡಿಯ ದೊಡ್ಡಪ್ಪ ಎಂಬಾತ, "ಆಸ್ತಿ ಇಲ್ದಾಕಿ ಅಂತ ಇರ್ಬೇಕು" ಎಂದ. ದವಾಖಾನೆಯ ಕಾಂಪೌಂಡರ್, "ಅದು ರೋಗದ ಹೆಸರು, ನಿನಗ ಹತ್ತಿದ್ರ ತಿಳೀತಿತ್ತು" ಎಂದ. ಮತ್ತೆ ಗುಡುಸಾಬರ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಖರೇ ಹೇಳ್ಲೇನು? ನಮ್ಮ ಉಸ್ತಾದ್ರು ಒಂದು ನಮೂನಿ ಕೊಟ್ಟಿದ್ರು. ಗಂಡ ಸತ್ರ ಈ ಪದ, ಬೆಂಕಿ ಬಿದ್ರ ಆ ಪದ. ಅರ್ಥ ಅವ್ರು ಹೇಳ್ಲಿಲ್ಲ, ನಾ ಕೇಳ್ಲಿಲ್ಲ. ಮೂವತ್ತು ವರ್ಷಕ್ಕ ಕೇಳಿದಾಕಿ ನೀನೊಬ್ಬಾಕಿ" ಎಂದರು.

ಮೂವತ್ತು ವರ್ಷ! ಎಷ್ಟು ಹೆಂಗಸರು ಈ ಪದದ ಕೆಳಗೆ ಬೆರಳು ಒತ್ತಿ ಹೋಗಿದ್ದಾರೋ. ಅವರಿಗಾದರೂ ನೆಪ ಇದೆ.

ಸಂಜೆ ನೀರಿಟ್ಟು ಅಕ್ಕಿ ಆರಿಸುತ್ತ ಕೂತೆ. ಏಳುವ ಹೊತ್ತಿಗೆ ತಂಬಿಗೆ ಒಳಗೆ ಬೋರಲಾಗಿತ್ತು. ನಾನೇ ಎತ್ತಿಟ್ಟೆನೇನೋ.

೧೭ ಮಾರ್ಚ್, ಮಂಗಳವಾರ

ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ನಾನು ಓದಿದ ಶಾಲೆಯ ಕುಬ್ರಾ ಬೇಗಂ ಟೀಚರ್ ಹತ್ತಿರ ದೊಡ್ಡ ನಿಘಂಟು ಇದೆ, ರಟ್ಟು ಹೋಗಿ ಬಟ್ಟೆ ಹೊಲಿದದ್ದು. ಶಾಲೆ ಬಿಟ್ಟ ಮೇಲೆ ಹೋದೆ. ಹುಡುಕಿ, ಬೆರಳಿಟ್ಟುಕೊಂಡು ಓದಿದರು.

"ಸಮಾಧಾನ ಮಾಡಾಕ ಆಗದಂಥ. ಯಾರು ಎಷ್ಟು ಸಮಾಧಾನ ಹೇಳಿದ್ರೂ ಸಮಾಧಾನ ಆಗದೋರು, ತಿಳೀತಾ? ಅಳೋರಿಗೆಲ್ಲಾ ಈ ಪದ ಹಾಕಾಕ ಬರೂದಿಲ್ಲ. ಮೊನ್ನೆ ಒಂದು ಹುಡುಗಿ ಪಾಟಿ ಒಡೀತಂತ ಅತ್ಲು. ಪೆಪ್ಪರಮಿಂಟ್ ಕೊಟ್ಟೆ, ಸುಮ್ಮನಾದ್ಲು. ಅದಕ್ಕ ಈ ಪದ ನಡೆಯೂದಿಲ್ಲ."

"ಎಷ್ಟು ದಿನಾ ಟೀಚರ್?"

"ಏನು?"

"ಎಷ್ಟು ದಿನಾ ಸಮಾಧಾನ ಆಗದಿದ್ರ ಈ ಪದ ಹಾಕಬಹುದು?"

ಟೀಚರ್ ಪುಸ್ತಕ ನೋಡಿದರು, ನನ್ನನ್ನು ನೋಡಿದರು. "ಅದು ಇದರಾಗ ಬರ್ದಿಲ್ಲ" ಎಂದರು. ಆಮೇಲೆ ಹೇಳಿದರು: "ಇನ್ನೊಂದದ ಮಾನಮ್ಮಾ. ಇಂಥ ಪದಾನ ತನಗ ತಾನ ಯಾರೂ ಹೇಳಿಕೊಳ್ಳೂದಿಲ್ಲ. ಹತ್ತಿರ ಇದ್ದೋರು ನೋಡಿ ಹೇಳೂದು."

ಹಾಗಾದರೆ ಎರಡು ತಪ್ಪಾಯಿತು. ಸಮಾಧಾನ ಆಗಲು ಮೊದಲು ಅಳಬೇಕು, ನಾನು ಅತ್ತೇ ಇಲ್ಲ. ಮೇಲಾಗಿ ನನಗೆ ನಾನೇ ಆ ಹೆಸರು ಕೊಟ್ಟುಕೊಂಡು, ಅದು ಸತ್ಯ ಎಂದು ಸರ್ಕಾರಕ್ಕೆ ಬರೆದುಕೊಟ್ಟಿದ್ದೇನೆ. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ಕಡೆ ಇವತ್ತು ನೋಡಲಿಲ್ಲ.

೨೦ ಮಾರ್ಚ್, ಶುಕ್ರವಾರ

ಅಳಲು ಕೂತೆ. ಬರಲಿಲ್ಲ. ಈರುಳ್ಳಿ ಹೆಚ್ಚಿದೆ, ಬಂತು. ಅದು ಲೆಕ್ಕಕ್ಕಿಲ್ಲ.

೫ ಏಪ್ರಿಲ್, ಭಾನುವಾರ, ಯುಗಾದಿ

ಸಾವಿನ ಮನೆಗೆ ಈ ವರ್ಷ ಬೇವಿಲ್ಲ, ಹೋಳಿಗೆ ಇಲ್ಲ. ಪೋತ್ನಾಳದಿಂದ ಅಪ್ಪ ಬಂದಿದ್ದ. ಅವನನ್ನು ಕಂಡ ಕೂಡಲೇ ಅತ್ತೆಯ ರಾಗ ಎದ್ದಿತು, ಅಪ್ಪನೂ ಟವೆಲ್ಲು ಮುಖಕ್ಕೆ ಹಿಡಿದ. ನಾನು ರೊಟ್ಟಿ ಬಡಿಯಲು ಎದ್ದು ಹೋದೆ.

ಊಟಕ್ಕೆ ಕೂತಾಗ ಅಪ್ಪ ಬಸ್ಸಿನ ಕಥೆ ತೆಗೆದ. ಯಾರೋ ಹುಂಜ ಬಗಲಲ್ಲಿಟ್ಟುಕೊಂಡು ಹತ್ತಿದ್ದನಂತೆ. ಕಂಡಕ್ಟರ್ ಸೀಟಿ ಊದಿದಾಗೆಲ್ಲ ಅದು ಕೂಗುವುದಂತೆ, ಅದು ಕೂಗಿದಾಗೆಲ್ಲ ಡ್ರೈವರ್ ಬಸ್ಸು ನಿಲ್ಲಿಸುವುದಂತೆ. "ಕಡೀಕ ಕಂಡಕ್ಟರ್ ಹುಂಜದ ಕೊಳ್ಳಾಗ ತನ್ನ ಚೀಲ ಹಾಕಿ, ಇನ್ನ ನೀನ ತಿಕೀಟು ಹರಿಯಪಾ ಅಂದ" ಎಂದ. ನಾನು ನಕ್ಕುಬಿಟ್ಟೆ. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದು ನಕ್ಕೆ. ತಲೆ ಎತ್ತಿದರೆ ಅತ್ತೆ ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡುತ್ತಿದ್ದಳು.

ಹೊರಡುವ ಮುಂಚೆ ಅಪ್ಪ ಬಂದ ಕೆಲಸ ಹೇಳಿದ. ಚೀಕಲಪರ್ವಿಯಲ್ಲಿ ಒಬ್ಬನಿದ್ದಾನಂತೆ, ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳಂತೆ, ಒಳ್ಳೆಯ ಸ್ವಭಾವವಂತೆ. "ಒಂದು ಸೀರಿ ಉಡಿಸಿ ಉಡಿಕಿ ಮಾಡಿಕೊಂಡು ಹೋಗ್ತಾನ. ಎರಡನೇ ಲಗ್ನ ನಮ್ಮಾಗ ಹೊಸಾದೇನಲ್ಲ. ನಿನಗಿನ್ನಾ ಇಪ್ಪತ್ತಮೂರು" ಎಂದ. ನಾನು ಅವನ ದಾರಿಗೆ ರೊಟ್ಟಿ ಕಟ್ಟಿಕೊಟ್ಟೆ. ಅತ್ತೆ ಗೋಡೆಯ ಆಚೆ ಇದ್ದಳು, ಅವಳಿಗೆ ಎಲ್ಲ ಕೇಳಿಸಿದೆ.

ಒಂದು ಮಾತ್ರ ಖಚಿತವಾಯಿತು. ಸಮಾಧಾನ ಆಗದವಳು ಹುಂಜಕ್ಕೆ ನಗುವುದಿಲ್ಲ. ಆ ಪದ ಸುಳ್ಳು. ಅರ್ಜಿಯಿಂದ ತೆಗೆಸಬೇಕು.

ರಾಯಚೂರು ಬಸ್ ನಿಲ್ದಾಣ, ೧೩ ಏಪ್ರಿಲ್, ಸೋಮವಾರ

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ಬಿಸಿಲಿಗೆ ಪೆನ್ನಿನ ಶಾಯಿ ಕಾರುತ್ತಿದೆ.

ಜಿಲ್ಲಾ ಕಚೇರಿಯಲ್ಲಿ ನನ್ನ ಫೈಲು ನೋಡುವ ಗುಮಾಸ್ತರು ಮರಿಸ್ವಾಮಿಯವರು. ಹಣೆಗೆ ವಿಭೂತಿ, ಬಾಯಿಗೆ ಎಲೆ ಅಡಿಕೆ. ಒಂದು ಪದ ತೆಗೆಸಬೇಕಿತ್ತು ಎಂದೆ. ಅವರು ಎಲೆ ಅಡಿಕೆ ಉಗುಳಿ ಬಂದು ಇನ್ನೊಮ್ಮೆ ಕೇಳಿಸಿಕೊಂಡರು.

"ಇಲ್ಲಿ ಮಂದಿ ಪದ ಸೇರಿಸ್ರಿ ಅಂತ ಬರ್ತಾರ ತಂಗಿ. ಬಡವಿ ಅಂತ ಇದ್ರ ಕಡುಬಡವಿ ಮಾಡ್ರಿ ಅಂತಾರ. ತಗೀರಿ ಅಂತ ಬಂದಾಕಿ ನೀನ ಮೊದಲು. ಯಾಕ?"

"ಅದು ಸುಳ್ಳದ್ರಿ."

"ಗಂಡ ಸತ್ತದ್ದು ಸುಳ್ಳಾ?"

"ಅದು ಖರೇರಿ. ಸಮಾಧಾನ ಆಗಿಲ್ಲ ಅನ್ನೂದು..." ಎಂದು ಅಲ್ಲಿಗೆ ನಿಂತೆ. ಸಮಾಧಾನ ಆಗಿದೆ ಎನ್ನಲು ಬಾಯಿ ಬರಲಿಲ್ಲ. ಆಗಿಲ್ಲ ಎನ್ನಲೂ ಬರಲಿಲ್ಲ. ಸುತ್ತ ಕೂತಿದ್ದವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು.

ಮರಿಸ್ವಾಮಿಯವರು ಫೈಲು ಮುಚ್ಚಿದರು. "ನೋಡು, ಆ ಪದ ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ, ಸಾಹೇಬ್ರು ಅದನ್ನ ಓದೂದ ಇಲ್ಲ. ಆದ್ರ ಹೊಡೆದು ಹಾಕಿದ್ರ ಅರ್ಜಿ ತಿದ್ದಿದಂಗ ಆಗ್ತದ, ಮೊದಲಿಂದ ಬರಬೇಕು. ನಿನಗ ಬೇಕಾದ್ದು ಬ್ಯಾರೇನ ಅದ. ನಿಮ್ಮ ಅತ್ತಿ ಒಪ್ಪಿಗಿ ಪತ್ರ ಎಲ್ಲಿ? ಏಪ್ರಿಲ್ ಮೂವತ್ತಕ್ಕ ಯಾದಿ ಮುಚ್ತೀವಿ. ಅಷ್ಟರಾಗ ಬರ್ಲಿಲ್ಲಂದ್ರ ಈ ನೌಕರಿ ಬ್ಯಾರೆಯವರಿಗೆ ಹೋಗ್ತದ."

ಹದಿನೇಳು ದಿನ ಉಳಿದಿವೆ. ನೌಕರಿ ಇಲ್ಲದಿದ್ದರೆ ಭತ್ತದ ಗದ್ದೆಯ ಕೂಲಿ ಇದೆ, ಅಥವಾ ಚೀಕಲಪರ್ವಿ ಇದೆ. ಆಗ ಅತ್ತೆಗೆ ಏನಿದೆ? ಅದನ್ನು ಅವಳೂ ಯೋಚಿಸಿರಬೇಕು. ಹೆಬ್ಬೆಟ್ಟು ಒತ್ತಿದರೆ ನಾನು ನೌಕರಿ ಕಟ್ಟಿಕೊಂಡು ಸೀರೆ ಉಟ್ಟುಕೊಂಡು ಹೋಗುತ್ತೇನೆ ಎಂದು ಅವಳ ಲೆಕ್ಕ. ಒತ್ತದಿದ್ದರೆ ಇಬ್ಬರಿಗೂ ಗಂಜಿ ಇಲ್ಲ.

ಬಸ್ಸು ಬಂತು.

೧೮ ಏಪ್ರಿಲ್, ಶನಿವಾರ

ಇವತ್ತು ನಡೆದದ್ದನ್ನು ಹೇಗೆ ಬರೆಯಲಿ, ನನಗೇ ಅರ್ಥವಾಗಿಲ್ಲ.

ಮಧ್ಯಾಹ್ನ ಅತ್ತೆ ತಾನಾಗಿ ಬಂದು ಕೂತಳು. "ನೀ ಏನ್ ಬರ್ಸಿದಿ ಅದನ್ನ ಮೊದಲು ಓದಿ ಹೇಳು. ಆಮ್ಯಾಲ ನನ್ನ ಮಾತು" ಎಂದಳು. ಅರ್ಜಿಯ ನಕಲು ತಂದು ಕನ್ನಡದಲ್ಲಿ ಸಾಲು ಸಾಲು ಹೇಳಿದೆ. ಆ ಪದ ಬಂದಾಗ ಹಾರಿಸಬಹುದಿತ್ತು. ನಮ್ಮ ಅಪ್ಪನಿಗೆ ಯಾರೋ ಹಾಗೇ ಹಾರಿಸಿಯೇ ಓದಿರಬೇಕು ಎನ್ನಿಸಿತು. ಹಾರಿಸಲಿಲ್ಲ.

"ಯಾರು ಎಷ್ಟು ಸಮಾಧಾನ ಹೇಳಿದ್ರೂ ಸಮಾಧಾನ ಆಗದಂಥಾಕಿ, ಮಾನಮ್ಮ."

ಅತ್ತೆ ಬೈಯುತ್ತಾಳೆ ಎಂದುಕೊಂಡೆ.

"ಹಂಗನ್ನೂ ಮಾತು ಇಂಗ್ಲೀಸಿನ್ಯಾಗ ಅದ?"

"ಅದ."

"ಒಂದ ಪದದಾಗ?"

"ಹೂಂ."

"ಅದನ್ನ ನಿನ್ನ ಹೆಸರ ಮುಂದ ಯಾಕ ಹಾಕ್ಯಾನ? ಅದು ನಂದು." ಎದೆಗೆ ಕೈ ಬಡಿದುಕೊಂಡಳು. "ಹೊತ್ತಾಕಿ ನಾನು, ಹೆತ್ತಾಕಿ ನಾನು. ಅಳಾಕತ್ತಾಕಿ ನಾನು. ಹಬ್ಬದ ದಿನಾ ಕಿಸಕ್ಕಂತ ನಕ್ಕಾಕಿ ನೀನು. ಆ ಪದಾನ ನಿನ್ನ ಹೆಸರಿಂದ ತಗದು ನನ್ನ ಹೆಸರ ಮುಂದ ಬರ್ಸು. ಬರ್ಸಿದಂದ್ರ ಹೆಬ್ಬೆಟ್ಟು ಒತ್ತತೀನಿ. ಇಲ್ಲಂದ್ರ ಇಲ್ಲ."

ಇದಕ್ಕಿಂತ ಸುಲಭ ಏನಿದೆ? ಐದು ದಿನದ ಹಿಂದೆ ಅದೇ ಪದ ತೆಗೆಸಲು ಬಿಸಿಲಲ್ಲಿ ರಾಯಚೂರಿಗೆ ಹೋಗಿದ್ದವಳು ನಾನು. ಹೂಂ ಎನ್ನಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು: "ಕೊಡೂದಿಲ್ಲ."

ನಾನೇ ಹೌಹಾರಿದೆ. ಅತ್ತೆಯೂ ಹೌಹಾರಿದಳು.

ನೀರಿಡುವುದು ಇವತ್ತು ತಡವಾಯಿತು. ಬಸ್ಸಿನ ಹಾರ್ನ್ ಕೇಳಿದ ಮೇಲೆ ಓಡಿ ಹೋಗಿ ಇಟ್ಟೆ.

೨೧ ಏಪ್ರಿಲ್, ಮಂಗಳವಾರ

ಮಾತಿಲ್ಲ. ಒಂದೇ ಒಲೆ, ಎರಡು ಮುಖ.

೨೩ ಏಪ್ರಿಲ್, ಗುರುವಾರ

ಒಂದೇ ಪದವನ್ನು ಇಬ್ಬರ ಹೆಸರಿನ ಮುಂದೆಯೂ ಹಾಕಬಹುದು. ಪದವೇನು ಒಂದೇ ಒಂದು ಸೀರೆಯಲ್ಲ, ನೀನುಟ್ಟರೆ ನನಗಿಲ್ಲ ಎನ್ನಲು. ನನಗೆ ಇದು ಗೊತ್ತಿದೆ. ಆದರೂ ಕೊಡಲು ಮನಸ್ಸಾಗುತ್ತಿಲ್ಲ. ನನಗೆ ಸೇರಿದ್ದಲ್ಲ ಎಂದು ಒಂದು ತಿಂಗಳಿಂದ ಬರೆಯುತ್ತ ಬಂದವಳಿಗೆ ಇದೆಂಥ ಲೋಭ?

ಅವಳಿಗೆ ಮಗ ಇಪ್ಪತ್ತೇಳು ವರ್ಷ ಸಿಕ್ಕಿದ್ದ. ನಡೆಯುವುದು ಕಂಡಳು, ಹಲ್ಲು ಬಿದ್ದದ್ದು ಕಂಡಳು, ಖಾಕಿ ಅಂಗಿ ತೊಟ್ಟದ್ದು ಕಂಡಳು. ಹಾಡ್ಯಾಡಿ ಅಳಲು ಅವಳ ಹತ್ತಿರ ಎಷ್ಟೊಂದಿದೆ! ನನ್ನ ಹತ್ತಿರ ಏನಿದೆ? ಶನಿವಾರಗಳಿವೆ. ಬಸ್ಸಿಳಿದು ಬಂದು ಬಾಗಿಲಲ್ಲಿ ಎಡಗಾಲು ಮೊದಲು ತೊಳೆಯುತ್ತಿದ್ದರು. ಬಲಗಾಲಿಗೆ ಬರುವ ಹೊತ್ತಿಗೆ ನೀರು ಮುಗಿದಿರುತ್ತಿತ್ತು, "ಮಾನೀ, ಇನ್ನೊಂದ್ ತಂಬಗಿ" ಎನ್ನುತ್ತಿದ್ದರು. ಪ್ರತಿ ಸಲವೂ. ಎರಡು ತಂಬಿಗೆ ಒಟ್ಟಿಗೇ ಇಡಬಹುದಿತ್ತು. ನಾನು ಬೇಕೆಂದೇ ಒಂದೇ ಇಡುತ್ತಿದ್ದೆ, ಆ ಒಂದು ಮಾತು ಕೇಳಲಿಕ್ಕೆ. ಇದನ್ನು ಯಾವ ರಾಗಕ್ಕೆ ಹಾಕಿ ಅಳಬೇಕು? ಓಣಿಯವರು ನಗುತ್ತಾರೆ.

೨೮ ಏಪ್ರಿಲ್, ಮಂಗಳವಾರ

ಇನ್ನು ಎರಡು ದಿನ ಮಾತ್ರ. ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಕೂತು ಬೂದಿ ಕೆದಕುತ್ತಿದ್ದಳು. ಅವಳ ಬೆನ್ನು ಈ ಮೂರು ತಿಂಗಳಲ್ಲಿ ಎಷ್ಟು ಬಾಗಿದೆ ಎಂದು ಇವತ್ತು ಕಂಡೆ. ಪದಕ್ಕಾಗಿ ಅವಳನ್ನು ಉಪವಾಸ ಕೆಡವಲೇ?

"ಅತ್ತಿ, ನಾಳೆ ಗುಡುಸಾಬ್ರ ಕಡೆ ಹೋಗೂಣು. ನಿನ್ನ ಹೆಸರ ಮುಂದ ಬರ್ಸತೀನಿ" ಎಂದೆ. ಅವಳು ತಿರುಗಿ ನೋಡಲಿಲ್ಲ.

೨೯ ಏಪ್ರಿಲ್, ಬುಧವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ಗುಡುಸಾಬರು ಒಪ್ಪಿಗೆ ಪತ್ರ ಟೈಪ್ ಮಾಡಿದರು. ನಾನು ಹೇಳಿದ ಹಾಗೆಯೇ 'ಸಮಾಧಾನ ಆಗದಂಥ ತಾಯಿ ಮೂಕಮ್ಮ' ಎಂದು ಇಂಗ್ಲಿಷಿನಲ್ಲಿ ಹಾಕಿದರು. ಈ ಸಲ ಅರ್ಥ ತಿಳಿದೇ ಹಾಕಿದರು, ನಾನು ಹೇಳಿದ್ದೆ. ಆ ಪದ ಬಿಟ್ಟು ನನ್ನ ಅರ್ಜಿಯನ್ನು ಹೊಸದಾಗಿ ಬರೆಯಲು ಬೇರೆ ಕಾಗದವನ್ನೂ ಯಂತ್ರಕ್ಕೆ ಏರಿಸಿದರು. ಹೆಬ್ಬೆಟ್ಟಿಗೆ ಶಾಯಿ ಹಚ್ಚಿದರು. ಅತ್ತೆ ಬೆರಳು ಎತ್ತಿ ಹಿಡಿದು ಹಾಗೇ ಕೂತಳು.

"ಯಾಕಬೇ? ಒತ್ತು" ಎಂದರು ಸಾಬರು.

"ಆ ಇನ್ನೊಂದು ಕಾಗದ ತಗದುಬಿಡು ಸಾಬ. ಈಕಿ ಹೆಸರಿಂದು ಮುಟ್ಟಬ್ಯಾಡ. ಈಕೀದು ಈಕಿಗೇ ಇರ್ಲಿ."

"ಬ್ಯಾಡಂದಾಕಿ ನೀನ ಅಲ್ಲೇನಬೇ?"

"ಅಂದಿದ್ದೆ." ಅತ್ತೆ ನನ್ನ ಕಡೆ ನೋಡಲೇ ಇಲ್ಲ, ಸಾಬರಿಗೇ ಹೇಳಿದಳು. "ನಾ ವಾರದಾಗ ನಾಕು ಸಲ ಅಳ್ತೀನಿ. ಅತ್ತು ಮಾರಿ ತೊಕ್ಕೊಂಡ್ರ ಹಸಿವಾಗ್ತದ, ಉಣ್ತೀನಿ. ಮಂದಿ ಬರ್ತಾರ, ಸಮಾಧಾನ ಹೇಳ್ತಾರ, ಒಂದೀಟು ಆಗ್ತದ. ಸುಳ್ಳ್ಯಾಕ ಹೇಳ್ಲಿ? ಈಕಿನ್ನ ನೋಡು. ಶನಿವಾರ ಬಂತಂದ್ರ ಬಾಗಲಾಗ ಕಾಲಿಗೆ ನೀರಿಡ್ತಾಳ. ಆತ ಹೋಗಿ ಮೂರು ತಿಂಗಳಾತು, ಒಂದು ಶನಿವಾರ ಬಿಟ್ಟಿಲ್ಲ. ಯಾಕ ಇಡ್ತೀನಿ ಅಂತ ಈಕಿಗೇ ಖೂನ ಇಲ್ಲ. ಬಸ್ಸು ಹೋದಮ್ಯಾಲ ನಾನ ಹೋಗಿ ಚೆಲ್ಲಿ, ತಂಬಗಿ ಒಳಗ ಬೋರಲ ಹಾಕಿ ಬರ್ತೀನಿ, ಈಕಿ ಮಾರಿ ನೋಡಲಾರದ. ಈಕಿಗೆ ಯಾರು, ಏನಂತ ಸಮಾಧಾನ ಹೇಳಬೇಕು?"

ಸಾಬರು ಕನ್ನಡಕ ತೆಗೆದರು. ಅತ್ತೆ ಹೆಬ್ಬೆಟ್ಟು ಒತ್ತಿದಳು. ಒತ್ತಿ, ಬೆರಳಿನ ಶಾಯಿಯನ್ನು ಬೇವಿನ ಬೊಡ್ಡೆಗೆ ಒರೆಸುತ್ತ ಅಂದಳು: "ಚೀಕಲಪರ್ವಿಗೆ ಹೋಗೂದಿದ್ರ ಹೋಗು ಯವ್ವಾ. ಅದಕ್ಕೂ ಇದಕ್ಕೂ ಸಂಬಂಧಿಲ್ಲ."

ದಾರಿಯುದ್ದಕ್ಕೂ ಅವಳು ತಪ್ಪು ತಿಳಿದಿದ್ದಾಳೆ ಎಂದುಕೊಂಡು ಬಂದೆ. ನೀರಿಡುವುದು ರೂಢಿ. ರೂಢಿ ಬಿಡಲು ಸಮಯ ಬೇಕು. ಅದಕ್ಕೂ ಈ ಪದಕ್ಕೂ ಏನು ಸಂಬಂಧ? ಅದೂ ಅಲ್ಲದೆ ಎಲ್ಲಾ ಶನಿವಾರವೂ ಇಟ್ಟಿರಲಿಕ್ಕಿಲ್ಲ. ಮನೆಗೆ ಬಂದು ಸಾಕ್ಷಿಗೆಂದು ಈ ಡೈರಿಯ ಹಿಂದಿನ ಹಾಳೆಗಳನ್ನು ತಿರುವಿದ್ದೇನೆ. ಏಳನೇ ಮಾರ್ಚ್. ಹದಿನಾಲ್ಕು. ಹದಿನೆಂಟು ಏಪ್ರಿಲ್, ಓಡಿ ಹೋಗಿ ಇಟ್ಟೆ ಎಂದು ನನ್ನದೇ ಅಕ್ಷರ. ಬರೆಯದ ಶನಿವಾರಗಳೂ ಈಗ ನೆನಪಾಗುತ್ತಿವೆ.

ಇಲ್ಲಿ ಶಾಯಿ ಹರಡಿದೆ. ಈರುಳ್ಳಿ ಅಲ್ಲ.

೩೦ ಏಪ್ರಿಲ್, ಗುರುವಾರ

ಮೊದಲ ಬಸ್ಸಿಗೆ ರಾಯಚೂರಿಗೆ ಹೋಗಿ ಪತ್ರ ಕೊಟ್ಟು ಬಂದೆ. "ಪದ ತಗಸೂದು ಏನಾತು?" ಎಂದರು ಮರಿಸ್ವಾಮಿಯವರು. "ಇರ್ಲಿ ಬಿಡ್ರಿ" ಎಂದೆ.

೨ ಮೇ, ಶನಿವಾರ

ನೀರಿಡಲಿಲ್ಲ. ಬಸ್ಸು ಬಂತು, ಹೋಯಿತು. ಅತ್ತೆಯೂ ನಾನೂ ಬಾಗಿಲ ಕಡೆ ನೋಡದೆ ಕಡಲೆ ಬಿಡಿಸುತ್ತ ಕೂತೆವು. ನೀರಿಡದಿದ್ದುದು ಸರಿಯೋ ತಪ್ಪೋ ತಿಳಿಯಲಿಲ್ಲ.

ದೇವದುರ್ಗ, ೨೦ ಜುಲೈ, ಸೋಮವಾರ

ಇವತ್ತು ಹಾಜರಾದೆ. ಇವರದೇ ಕಚೇರಿ, ಅದೇ ಜವಾನನ ಕೆಲಸ. ಹಾಜರಿ ಪುಸ್ತಕದಲ್ಲಿ ಹಿಂದೆ ತಿರುವಿದರೆ ಜನವರಿಯಲ್ಲಿ ಇವರ ದುಂಡನೆಯ ಸಹಿಗಳಿವೆ. ನಾನು ಜುಲೈಯಲ್ಲಿ ಮಾಡಿದೆ. ವಾರವೆಲ್ಲ ಇಲ್ಲೇ, ಹಿರಿಯ ಜವಾನ ಅಮೀರ್ ಸಾಬ್‌ರ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತೇನೆ. ಅಪ್ಪನಿಗೆ, ಚೀಕಲಪರ್ವಿಯವರಿಗೆ ಈ ವರ್ಷ ಏನೂ ಹೇಳಬೇಡ ಎಂದು ಕಾಗದ ಬರೆದಿದ್ದೇನೆ. ಮುಂದಿನ ವರ್ಷಕ್ಕೆ ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ.

ಒಳಗೆ ಸಾಹೇಬರಿಗೆ ಒಯ್ಯಲು ನನ್ನ ಕೈಗೆ ಕೊಟ್ಟ ಕಾಗದಗಳಲ್ಲಿ ಗಂಡ ತೀರಿಕೊಂಡ ಬೂದೆಮ್ಮ ಎಂಬವಳ ಅರ್ಜಿ ಇತ್ತು. ಅವಳು ಹೊರಗೆ ಕಂಬಕ್ಕೆ ಒರಗಿ ನಿಂತಿದ್ದಳು. ಅದರಲ್ಲೂ ಅದೇ ಪದ. "ನಿನಗ ಯಾರಾದ್ರೂ ಓದಿ ಹೇಳ್ಯಾರೇನು?" ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಕೂರಿಸಿ, ಒಂದು ಸಾಲೂ ಹಾರಿಸದೆ ಎಲ್ಲ ಓದಿ ಹೇಳಿದೆ.

ಮಾನ್ವಿ, ೨೫ ಜುಲೈ, ಶನಿವಾರ

ಮೊದಲ ವಾರ ಮುಗಿಸಿ ಸಂಜೆಯ ಬಸ್ಸಿಗೆ ಬಂದೆ. ದೇವದುರ್ಗದಿಂದ ಮಾನ್ವಿಗೆ ಈ ಬಸ್ಸಿನಲ್ಲಿ ಬರುವುದು ಇದೇ ಮೊದಲು. ಇಷ್ಟು ದಿನ ಇದರ ಹಾರ್ನ್ ಮನೆಯೊಳಗಿಂದ ಕೇಳಿದವಳು ನಾನು. ಒಳಗೆ ಕೂತರೆ ಅದು ಬೇರೆಯೇ ಕೇಳುತ್ತದೆ. ನಿಲ್ದಾಣದಿಂದ ಮನೆಗೆ ನಡೆಯುವಾಗ ಇವರು ಯಾವ ಕಲ್ಲು ದಾಟಿ, ಯಾರ ಅಂಗಳ ಹಾದು ಬರುತ್ತಿದ್ದರೋ ಎಂದು ನೋಡುತ್ತ ಬಂದೆ.

ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಹೊರಗೆ ಬರಲಿಲ್ಲ. ಬಾಗಿಲಲ್ಲಿ ನೀರಿತ್ತು. ಒಂದೇ ತಂಬಿಗೆ, ಅಂಚಿನವರೆಗೆ ತುಂಬಿತ್ತು.

ಯಾರಿಗಿಟ್ಟದ್ದೆಂದು ಕೇಳಲಿಲ್ಲ. ಎಡಗಾಲು ತೊಳೆದೆ. ಬಲಗಾಲಿಗೆ ಬರುವ ಹೊತ್ತಿಗೆ ನೀರು ಮುಗಿಯಿತು.

"ಅತ್ತೀ, ಇನ್ನೊಂದ್ ತಂಬಗಿ" ಎಂದೆ.

ಒಳಗೆ ರೊಟ್ಟಿಯ ಸದ್ದು ನಿಂತಿತು.